ಎಂಟೂ ನಲವತ್ತರ ಅಳತೆ

ಬೆಳಿಗ್ಗೆ ಎಂಟೂ ನಲವತ್ತು ಸಮೀಪಿಸಿತೆಂದರೆ ಶಾಹೀನ್ ಚಹಾದ ಲೋಟ ಕೆಳಗಿಡುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯುತ್ತಿದ್ದಳು. ಕಣ್ಣು ಗೋಡೆಯ ಮೇಲಿನ ಪರದೆಯಲ್ಲಿ ನೆಟ್ಟಿರುತ್ತಿತ್ತು.

ಹಾವೇರಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ನೆರೆ ನಿಗಾ ಕೊಠಡಿಯ ಪರದೆಯಲ್ಲಿ ಜಿಲ್ಲೆಯ ನಕಾಶೆ, ನಕಾಶೆಯ ತುಂಬ ಮೂವತ್ತೆಂಟು ಹಸಿರು ಚುಕ್ಕೆಗಳು. ಕೆಲವು ವರದೆಯ ಸೇತುವೆಗಳ ಮೇಲೆ, ಕೆಲವು ತುಂಗಭದ್ರೆಯ ದಂಡೆಗೆ, ಉಳಿದವು ಹಳ್ಳ, ಕೆರೆಕೋಡಿ, ತಗ್ಗಿನ ರಸ್ತೆಗಳಲ್ಲಿ. ಒಂದೊಂದು ಚುಕ್ಕೆ ಎಂದರೆ ಅಲ್ಲೊಂದು ಡಬ್ಬಿ. ಐದೈದು ನಿಮಿಷಕ್ಕೊಮ್ಮೆ ಅದು ಕೆಳಗೆ ನೋಡಿ ನೀರು ಎಷ್ಟು ಸೆಂಟಿಮೀಟರ್ ಏರಿದೆ ಎಂದು ಅಳೆದು, ಆ ಅಂಕಿಯನ್ನು ಗಾಳಿಯಲ್ಲೇ ಪಕ್ಕದ ಡಬ್ಬಿಗೆ ದಾಟಿಸುತ್ತಿತ್ತು. ಅದು ಮುಂದಿನದಕ್ಕೆ, ಮುಂದಿನದು ಅದರ ಮುಂದಿನದಕ್ಕೆ. ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ ಊರೂರಿನ ನೀರಿನ ಸುದ್ದಿ ಹಾವೇರಿಗೆ ಬಂದು ಮುಟ್ಟುತ್ತಿತ್ತು.

ಮೂವತ್ತೊಂದನೆಯ ಚುಕ್ಕೆ ಬ್ಯಾಡಗಿಯದು. ರೈಲು ಹಳಿಯ ಕೆಳಗೆ ಹಾದುಹೋಗುವ ರಸ್ತೆ ಅದು. ಮಳೆ ಜೋರಾದರೆ ಅರ್ಧ ಊರಿನ ನೀರು ಬಂದು ಅಲ್ಲೇ ನಿಲ್ಲುತ್ತದೆ. ಲಾರಿ, ಟ್ರ್ಯಾಕ್ಟರುಗಳು ಅಡ್ಡ ಬರದಿರಲಿ ಎಂದು ಡಬ್ಬಿಯನ್ನು ಕೆಳಸೇತುವೆಯ ಸೂರಿಗೆ, ಗೋಡೆಯ ಬದಿಗೆ, ಗಟಾರದ ಮೇಲೆ ಹಾಸಿದ ಚಪ್ಪಡಿಯ ನೇರಕ್ಕೆ ಕೂರಿಸಿದ್ದರು. ವಾಹನಗಳೇನೋ ಅಡ್ಡ ಬರಲಿಲ್ಲ. ಆದರೆ ಆ ಚಪ್ಪಡಿಯ ಮೇಲೆ ನಡೆದೇ ಆ ಓಣಿಯ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರು.

ಎಂಟೂ ನಲವತ್ತಕ್ಕೆ ಮೂವತ್ತೊಂದನೆಯ ಚುಕ್ಕೆ ಕೆಂಪಾಗಿ ಕೀಂ ಎನ್ನುತ್ತಿತ್ತು. ಪಕ್ಕದಲ್ಲಿ ಅಂಕಿ: 122.

ನೀರಾಗಿದ್ದರೆ ದೊಡ್ಡವರ ಎದೆಮಟ್ಟ. 'ನಿಜ' ಎಂಬ ಗುಂಡಿ ಒತ್ತಿದರೆ ಕೆಳಸೇತುವೆಯಲ್ಲಿ ಸೈರನ್ ಕೂಗಿ ಕೆಂಪು ದೀಪ ಹತ್ತುತ್ತದೆ. ಶಾಹೀನ್ ಅದರ ಪಕ್ಕದ 'ಸುಳ್ಳು' ಎಂಬ ಗುಂಡಿ ಒತ್ತುತ್ತಿದ್ದಳು. ಕಾರಣ ಕೇಳಿದ ಜಾಗದಲ್ಲಿ 'ದನ ನಿಂತಿತ್ತು' ಎಂದು ಬರೆಯುತ್ತಿದ್ದಳು. ಆಮೇಲೆ ಅತ್ತಿತ್ತ ನೋಡಿ, ದೀಪ ಸರಿಯಿದೆಯೋ ಇಲ್ಲವೋ ಪರೀಕ್ಷಿಸುವ ಇನ್ನೊಂದು ಗುಂಡಿಯನ್ನು ಒಮ್ಮೆ ಮುಟ್ಟುತ್ತಿದ್ದಳು. ಅಲ್ಲಿ, ಬ್ಯಾಡಗಿಯ ಕೆಳಸೇತುವೆಯ ಬಾಯಲ್ಲಿ, ಹಳದಿ ದೀಪ ಒಂದು ಸಲ ಹತ್ತಿ ಆರುತ್ತಿತ್ತು.

ಆ ನೂರಾ ಇಪ್ಪತ್ತೆರಡು ಸೆಂಟಿಮೀಟರ್ ಅವಳ ಮಗಳು ಹುಮಾ.

ಹಾವೇರಿಗೂ ಬ್ಯಾಡಗಿಗೂ ಏನು ಮಹಾ ದೂರ? ಬಸ್ಸು ಹತ್ತಿ ಕೂತರೆ ಒಂದು ತಾಸು. ಆ ಒಂದು ತಾಸನ್ನು ದಾಟುವುದೇ ಶಾಹೀನಳಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಪಾಳಿ ಹಿಡಿಯಬೇಕು, ಸಂಜೆ ಆರಕ್ಕೆ ಬಿಡುಗಡೆ. ಅಷ್ಟು ಬೇಗ ತಂದು ಮುಟ್ಟಿಸುವ ಬಸ್ಸಿಲ್ಲ. ಹಾಗೆಂದು ಹಾವೇರಿಯಲ್ಲೇ ಒಂದು ಖೋಲಿ ಹಿಡಿದಿದ್ದಳು. ಗಂಡ ನಯಾಜ ಮೆಣಸಿನಕಾಯಿ ಲಾರಿಯ ಮೇಲೆ ಗುಜರಾತು, ಮಹಾರಾಷ್ಟ್ರ ಎಂದು ತಿರುಗುವವನು. ಎಂಟು ವರ್ಷದ ಹುಡುಗಿಯನ್ನು ಬೀಗ ಹಾಕಿದ ಖೋಲಿಯಲ್ಲಿ ಹನ್ನೆರಡು ತಾಸು ಬಿಟ್ಟು ಬರುವುದಾದರೂ ಹೇಗೆ? ಹುಮಾ ಬ್ಯಾಡಗಿಯಲ್ಲಿ ನಾನಿ ಮಕ್ತುಮಬಿಯ ಹತ್ತಿರ ಉಳಿದಳು. ಭಾನುವಾರಕ್ಕೊಮ್ಮೆ ಅಮ್ಮಿ ಬರುವುದೆಂದು ಮಾತಾಗಿತ್ತು. ಮಳೆಗಾಲ ಹಿಡಿಯಿತು, ಕೊಠಡಿಯ ಮೂವರಲ್ಲಿ ಒಬ್ಬ ಕೆಲಸ ಬಿಟ್ಟ, ಭಾನುವಾರಗಳೂ ಹೋದವು.

ಫೋನ್ ಇತ್ತು. ಆದರೆ ಹುಮಾ ಫೋನಿನಲ್ಲಿ ಮಾತಾಡುವ ಹುಡುಗಿಯಲ್ಲ. ಎದುರಿಗಿದ್ದರೆ ಕಿವಿ ತಿನ್ನುವವಳು, ಫೋನ್ ಕೈಗೆ ಕೊಟ್ಟರೆ 'ಹ್ಞೂಂ', 'ಉಂಡೆ', 'ಹ್ಞೂಂ', ಅಷ್ಟೇ. ಮಕ್ತುಮಬಿ ದಿನವಿಡೀ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಕೈಗೆ ಎಣ್ಣೆ ತಿಕ್ಕಿ ಎರಡು ಸಲ ತೊಳೆಯದೆ ಮೊಮ್ಮಗಳ ಕೆನ್ನೆ ಮುಟ್ಟುವ ಹಾಗಿಲ್ಲ. ಸಂಜೆ ಏಳರತನಕ ಆ ಹುಡುಗಿಯ ತಲೆಯ ಮೇಲೆ ಯಾರ ಕೈಯೂ ಬೀಳುವುದಿಲ್ಲ ಎಂಬುದನ್ನು ನೆನೆದಾಗ ಶಾಹೀನ್ ಬುತ್ತಿ ಮುಚ್ಚಿಡುತ್ತಿದ್ದಳು.

ಜೂನ್ ತಿಂಗಳಲ್ಲಿ, ರಜೆ ಸಿಕ್ಕಿದ ಕೊನೆಯ ಭಾನುವಾರ, ಮಗಳನ್ನು ಕರೆದುಕೊಂಡು ಆ ದಾರಿಯಲ್ಲಿ ಹೋಗುವಾಗ ಸೂರಿನ ಡಬ್ಬಿ ತೋರಿಸಿದ್ದಳು.

"ಅಲ್ಲಿ ನೋಡು, ಅದು ನನ್ನ ಕಣ್ಣು. ಹಾವೇರ್‍ಯಾಗ ಕುಂತು ಅದರಾಗಿಂದ ನೋಡತೇನಿ."

ಹುಮಾ ಕತ್ತೆತ್ತಿ ಡಬ್ಬಿಯನ್ನು ನೋಡಿದಳು. "ನಾ ಕಾಣತೇನಿ?"

"ನೀ ಕಾಣೂದಿಲ್ಲ. ನೀ ಎಷ್ಟ ಎತ್ತರ ಅದೀ ಅಂತ ಅಷ್ಟ ಕಾಣತೈತಿ."

"ನನ್ನ ಮೂಗು?"

"ಮೂಗು ಕಾಣೂದಿಲ್ಲ."

"ಹಂಗಾರ ಅದೆಂಥಾ ಕಣ್ಣ ಅಮ್ಮಿ, ಕುರ್ಡು ಕಣ್ಣು!"

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಾರನೆಯ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಪರದೆಯ ಮೇಲೆ ಒಂದು ಅಂಕಿ ನಡುಗುತ್ತ ಬಂತು: 97. ಮರುದಿನ 110. ಮೆತ್ತನೆಯ ಕೂದಲಿನ ಮೇಲೆ ಅಳತೆ ಸರಿಯಾಗಿ ಸಿಗುತ್ತಿಲ್ಲ, ಗಟ್ಟಿಯಾದ ಸಪಾಟು ಏನಾದರೂ ಬೇಕು ಎಂದು ತಿಳಿದಾಗ ಶಾಹೀನ್ ಸಂಜೆ ಫೋನಿನಲ್ಲಿ ಹೇಳಿದಳು: "ತಲಿ ಮ್ಯಾಲ ಪರೀಕ್ಷಾದ ಪ್ಯಾಡ್ ಅಡ್ಡ ಹಿಡಕೊ. ಡಬ್ಬ್ಯಾಗ ಸಣ್ಣ ಲೈಟ್ ಮಿಣುಕತೈತಲ್ಲ, ಆವಾಗ ಅಲುಗಾಡಬ್ಯಾಡ." ಅತ್ತ ಕಡೆಯಿಂದ "ಹ್ಞೂಂ". ಮರುದಿನ ಕಲ್ಲಿನಲ್ಲಿ ಕೊರೆದ ಹಾಗೆ ಬಂತು: 121.

ಆ ದಿನ ಅವಳು ದೀಪದ ಗುಂಡಿ ಒತ್ತಿದಳು. ಒಂದೇ ಸಲ. ಕಂಡೆ, ಇನ್ನು ಹೋಗು ಎಂಬಂತೆ. ಸಂಜೆ ಫೋನಿನಲ್ಲಿ ಹುಮಾ ಕೇಳಿದಳು: "ಲೈಟ್ ನೀನ ಹಚ್ಚಿದ್ದಿ?" ಅಂದಿನಿಂದ ಅದೊಂದು ಪದ್ಧತಿಯಾಯಿತು. ಅಂಕಿ ಬರಬೇಕು, ದೀಪ ಹತ್ತಬೇಕು, ಆಮೇಲೆ ಹುಡುಗಿ ಶಾಲೆಯ ಕಡೆ ಓಡಬೇಕು. ಆಗಸ್ಟಿನ ನಡುವೆ ಒಂದು ದಿನ 122 ಬಂದಾಗ ಶಾಹೀನ್ ಓಢಣಿಯಿಂದ ಕಣ್ಣೊರೆಸಿಕೊಂಡಳು. ಮಗಳು ಬೆಳೆಯುವುದನ್ನು ಎದುರಿಗೆ ನಿಂತು ನೋಡುವವರಿಗೆ ಕಾಣದ ಒಂದು ಸೆಂಟಿಮೀಟರು ಅವಳಿಗೆ ಮೂವತ್ತು ಕಿಲೋಮೀಟರ್ ಆಚೆಯಿಂದ ಕಂಡಿತ್ತು.

ಈ ಡಬ್ಬಿಗಳ ಧೂಳು, ಜೇಡರ ಬಲೆ ತೆಗೆದು, ಬ್ಯಾಟರಿ ಬದಲಿಸಿ ಊರೂರು ತಿರುಗುವವನು ರಾಣೆಬೆನ್ನೂರಿನ ಚನ್ನೇಶ. ಸೆಪ್ಟೆಂಬರಿನಲ್ಲೊಂದು ದಿನ ಅವನು ಕೊಠಡಿಗೆ ಬಂದವನೇ ಹಳೆಯ ನೋಂದಣಿಯನ್ನೆಲ್ಲ ತೆಗೆದು ಕೂತ.

"ಶಾಹೀನಕ್ಕಾ, ಒಂದ್ ಮಾತು ಕೇಳ್ಲಿ? ಬ್ಯಾಡಗಿದು ಅದ್ಯಾವ ದನ ಐತ್ರಿ, ದಿನಾ ಎಂಟೂ ನಲವತ್ತಕ್ಕ ಗಡಿಯಾರ ಕಟಗೊಂಡು ಬರತೈತಿ?"

"ಯಾರದರ ಇರಬೇಕು. ಮೇಯಾಕ ಹೊಡಕೊಂಡು ಹೋಗತಾರ."

"ಭಾನುವಾರ ಸೂಟಿ ಮಾಡತೈತಿ ನೋಡ್ರಿ ಮತ್ತ."

ಚನ್ನೇಶ ಬೆರಳಿನಿಂದ ಸಾಲು ಎಳೆಯುತ್ತ ಹೋದ. "ಜೂನ್ದಾಗ ನೂರಾ ಇಪ್ಪತ್ತೊಂದು. ಈಗ ನೂರಾ ಇಪ್ಪತ್ತೆರಡು. ಕರಾ ಇರಬೇಕ್ರಿ ಅಕ್ಕಾ. ಬೆಳಿಯಾಕತ್ತೈತಿ."

ಅವನು ತಲೆಯೆತ್ತಿ ಅವಳ ಮುಖ ನೋಡಿದ. ನಗು ಅಲ್ಲೇ ಇಳಿಯಿತು. ಚನ್ನೇಶನಿಗೂ ದೇವರಗುಡ್ಡದಲ್ಲಿ ಅವ್ವನ ಹತ್ತಿರ ಬಿಟ್ಟ ಒಂದು ಕೂಸಿತ್ತು. "ಆತು, ನಾ ಏನೂ ನೋಡಿಲ್ಲ," ಎಂದ. "ಆದ್ರ ಅರುಣಾ ಮೇಡಂ ನೋಡಿದ್ರ ಬಿಡೂದಿಲ್ಲ. ದಿನಾ ಸುಳ್ಳು ಗಂಟಿ ಹೊಡಿಯೂ ಡಬ್ಬಿ ಕೆಟ್ಟೈತಿ ಅಂತ ಕಿತ್ತು ಬ್ಯಾರೆ ಕಡೆ ಹಾಕ್ಸತಾರ. ಹುಷಾರು."

ಬೇರೆ ಕಡೆ ಹಾಕಿಸುತ್ತಾರೆ ಎಂಬ ಮಾತು ಶಾಹೀನಳನ್ನು ಎರಡು ದಿನ ಸುಟ್ಟಿತು. ಮೂರನೆಯ ದಿನ ಅವಳು ಮಾಡಬಾರದ ಕೆಲಸವೊಂದನ್ನು ಮಾಡಿದಳು. ಎಂಟೂ ಮೂವತ್ತೈದರಿಂದ ಎಂಟೂ ಐವತ್ತರವರೆಗೆ ಮೂವತ್ತೊಂದನೆಯ ಕೇಂದ್ರದ ಗಂಟೆ ಬಾರಿಸದಿರಲಿ, ಚುಕ್ಕೆ ಕೆಂಪಾಗದಿರಲಿ ಎಂದು ಅದನ್ನು ಮೌನಕ್ಕೆ ಹಾಕಿದಳು. ಬರೀ ಹದಿನೈದು ನಿಮಿಷ, ಅಷ್ಟು ಹೊತ್ತು ನಾನೇ ಕಣ್ಣಿಟ್ಟು ನೋಡುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಖರೆಯೂ ಆಗಿತ್ತು. ಆ ಹದಿನೈದು ನಿಮಿಷ ಅವಳಷ್ಟು ನಿಗಾ ಇಟ್ಟು ಆ ಅಂಕಿಯನ್ನು ಇಡೀ ಜಿಲ್ಲೆಯಲ್ಲಿ ಯಾರೂ ನೋಡುತ್ತಿರಲಿಲ್ಲ.

ದಸರಾ ರಜೆ ಬಂತು. ಎಂಟೂ ನಲವತ್ತಕ್ಕೆ ಸೊನ್ನೆ. ಮರುದಿನವೂ ಸೊನ್ನೆ. ಪರದೆಯ ಮೇಲೆ ಮೂವತ್ತೆಂಟು ಊರುಗಳಿದ್ದೂ ಇಡೀ ಜಿಲ್ಲೆಯೇ ಖಾಲಿಬಿದ್ದ ಹಾಗೆ ಕಾಣುತ್ತಿತ್ತು ಅವಳಿಗೆ. ರಜೆ ಮುಗಿದು ಶಾಲೆ ಶುರುವಾದ ದಿನ 123 ಬಂತು. ಆ ದಿನ ಅವಳು ದೀಪವನ್ನು ಎರಡು ಸಲ ಹಚ್ಚಿದಳು.

ಇದಾದ ಮೂರನೆಯ ದಿನ ಗುರುವಾರ. ಮೇಲಿನ ಜಲಾಶಯದಿಂದ ನೀರು ಬಿಟ್ಟಿದ್ದರು. ತುಂಗಭದ್ರೆ ಏರುತ್ತಿತ್ತು. ಕುಮಾರಪಟ್ಟಣದ ಬಳಿಯ ಸೇತುವೆಯ ಡಬ್ಬಿ ಎಂಟೂವರೆಗೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಚನ್ನೇಶ ಅಲ್ಲೇ ಇದ್ದ. ಎಂಟೂ ಮೂವತ್ತೇಳಕ್ಕೆ ಅವನ ಫೋನ್ ಬಂತು.

"ಅಕ್ಕಾ, ವಾಯರ್ ಕಚ್ಚಿ ಹಾಕ್ಯಾವ್ರಿ ಇಲಿ. ಜೋಡಸಾಕತ್ತೇನಿ. ನೀವು ಅಲ್ಲಿಂದ ನೋಡಿ ಹೇಳ್ರಿ, ಅಂಕಿ ಬಂತಾ?"

"ಇಲ್ಲ."

"ಈಗ?"

"ಇಲ್ಲ ಚನ್ನೇಶಾ. ನದಿ ದಂಡಿ ಮ್ಯಾಲಿನ ಊರವರು ಕೇಳಾಕತ್ತಾರ, ಲಗೂ ಮಾಡು."

"ನಾ ಏನ್ ಇಲ್ಲಿ ಮೀನ ಹಿಡಿಯಾಕತ್ತೇನೇನ್ರಿ? ಮಳಿ ಹೊಡ್ಯಾಕತ್ತೈತಿ, ಕೈ ಜಾರತೈತಿ. ಈಗ ನೋಡ್ರಿ."

"ಬಂತು, ಬಂತು! ತಡಿ, ಹೋತು."

ಹೀಗೆ ಹತ್ತು ನಿಮಿಷ. ಕೊನೆಗೊಮ್ಮೆ ಅಂಕಿ ಬಂದು ನಿಂತಿತು. ಅಪಾಯದ ಮಟ್ಟಕ್ಕೆ ಇನ್ನೂ ಎರಡು ಅಡಿ ಇತ್ತು. ಶಾಹೀನ್ ಫೋನಿಟ್ಟು ಉಸಿರುಬಿಟ್ಟಳು. ಗಡಿಯಾರ ನೋಡಿದಳು. ಎಂಟೂ ನಲವತ್ತೇಳು.

ಮೂವತ್ತೊಂದನೆಯ ಚುಕ್ಕೆ ತಣ್ಣಗೆ ಹಸಿರಾಗಿತ್ತು. ಪಕ್ಕದಲ್ಲಿ ಅಂಕಿ: 131.

ಅವಳಿಗೆ ಮೊದಲು ನಗು ಬಂತು. ಒಂದೇ ರಾತ್ರಿಯಲ್ಲಿ ಎಂಟು ಸೆಂಟಿಮೀಟರ್? ಬೆರಳು ಎಂದಿನಂತೆ ದೀಪದ ಗುಂಡಿಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಯಾವ ಮಗುವೂ ಹೀಗೆ ಬೆಳೆಯುವುದಿಲ್ಲ. ಎಂಟು ಸೆಂಟಿಮೀಟರ್ ಎಂದರೆ ಒಂದು ಇಟ್ಟಿಗೆಯ ದಪ್ಪ. ಹುಮಾ ಇಟ್ಟಿಗೆಯ ಮೇಲೆ ನಿಂತಿದ್ದಾಳೆ. ಯಾಕೆ ನಿಂತಿದ್ದಾಳೆ?

ಹಿಂದಿನ ಅಂಕಿಗಳನ್ನು ತೆಗೆದಳು. ಎಂಟೂಕಾಲಿಗೆ ಸೊನ್ನೆ. ಎಂಟೂವರೆಗೆ 4. ಎಂಟೂ ಮೂವತ್ತೈದಕ್ಕೆ 11. ಎಂಟೂ ನಲವತ್ತಕ್ಕೆ 131. ಎಂಟೂ ನಲವತ್ತೈದಕ್ಕೂ 131.

ಬ್ಯಾಡಗಿಯಲ್ಲಿ ಮಳೆ ಒಡೆದುಕೊಂಡು ಬಿದ್ದಿತ್ತು. ಕೆಳಸೇತುವೆಗೆ ನೀರು ನುಗ್ಗುತ್ತಿತ್ತು. ಎಷ್ಟು ನೀರು ಎಂದು ಯಾರಿಗೂ ತಿಳಿಯುವಂತಿರಲಿಲ್ಲ, ಯಾಕೆಂದರೆ ಡಬ್ಬಿಗೂ ನೀರಿಗೂ ನಡುವೆ ತಲೆಯ ಮೇಲೆ ಪ್ಯಾಡ್ ಹಿಡಿದ ಅವಳ ಮಗಳು ನಿಂತಿದ್ದಳು. ಹಳದಿ ದೀಪ ಹತ್ತುವುದನ್ನೇ ಕಾಯುತ್ತ ನಿಂತಿದ್ದಳು. ಅಮ್ಮಿ ನೋಡದೆ ಹೋಗಬಾರದು ಎಂದು ನಿಂತಿದ್ದಳು.

ದೀಪ ಹಚ್ಚಿದರೆ ಹುಡುಗಿ ಇಟ್ಟಿಗೆಯಿಂದಿಳಿದು ಶಾಲೆಯ ಕಡೆಗೆ, ನೀರು ಬರುತ್ತಿರುವ ಕಡೆಗೇ, ಓಡುತ್ತಾಳೆ. ಶಾಹೀನ್ 'ನಿಜ' ಎಂಬ ಗುಂಡಿ ಒತ್ತಿದಳು. ನಾಲ್ಕು ತಿಂಗಳಲ್ಲಿ ಮೂವತ್ತೊಂದನೆಯ ಕೇಂದ್ರಕ್ಕೆ ಆ ಗುಂಡಿ ಒತ್ತಿದ್ದು ಅದೇ ಮೊದಲು. ಪರದೆ ತಿರುಗಿ ಅವಳನ್ನೇ ಕೇಳಿತು: 'ಈ ಕೇಂದ್ರ ಮೌನದಲ್ಲಿದೆ. ಮೌನಕ್ಕೆ ಹಾಕಿದವರು: ಶಾಹೀನ್. ತೆಗೆಯಬೇಕೆ?' ಗುಪ್ತಸಂಖ್ಯೆ ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಸರಿಯಾಯಿತು. ಬ್ಯಾಡಗಿಯಲ್ಲಿ ಸೈರನ್ ಕೂಗಿತೆಂದು, ಎರಡೂ ಬಾಯಿಗೆ ಕೆಂಪು ದೀಪ ಹತ್ತಿತೆಂದು ಪರದೆ ಹೇಳಿತು.

ಕೆಳಸೇತುವೆಯ ಬಾಯಲ್ಲೇ ಬುಡನಸಾಬನ ಪಂಕ್ಚರ್ ಅಂಗಡಿ. ತುರ್ತಿಗೆ ಬೇಕಾದವರ ಪಟ್ಟಿಯಲ್ಲಿ ಅವನ ನಂಬರಿತ್ತು. ಫೋನ್ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದಳು. ಅಷ್ಟರಲ್ಲಿ ಎಂಟೂ ಐವತ್ತರ ಅಂಕಿ ಬಂತು.

26.

ನೀರು ಇಪ್ಪತ್ತಾರು. ಅಂದರೆ ಡಬ್ಬಿಯ ಕೆಳಗೆ ಹುಮಾ ಇಲ್ಲ. ಮೇಲೆ ಬಂದಳೋ, ಕಾಲು ಜಾರಿದಳೋ? ಆ ಡಬ್ಬಿಗೆ ಇರುವುದನ್ನು ಅಳೆಯಲು ಬರುತ್ತಿತ್ತು. ಇಲ್ಲದ್ದು ಎಲ್ಲಿಗೆ ಹೋಯಿತೆಂದು ಹೇಳಲು ಬರುತ್ತಿರಲಿಲ್ಲ. ಮಗಳು ಅಂದದ್ದು ನೆನಪಾಯಿತು: ಕುರ್ಡು ಕಣ್ಣು.

ಎಂಟೂ ಐವತ್ತೈದು. 41.

ಶಾಹೀನ್ ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದು ನಿಂತಿದ್ದಳು. ತುಟಿ ಒಂದೇ ಸಮನೆ ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತಿತ್ತು. ಫೋನ್ ಹೊಡೆದುಕೊಂಡಿತು.

"ಶಾಹೀನಾ, ಬುಡನಸಾಬ ಮಾತಾಡಾಕತ್ತೇನವಾ. ನಿನ್ನ ಸೈರನ್ ಕೇಳಿ ಕಿವಿ ಹಾರಿ ಹೋದ್ವು ನೋಡು."

"ಕಾಕಾ, ಹುಮಾ…"

"ಇಲ್ಲೇ ಅದಾಳ. ನನ್ನ ಹಳೀ ಟೈರ್ ಮ್ಯಾಲ ಕುಂತಾಳ, ತೊಯ್ದು ಇಲಿಮರಿ ಆಗ್ಯಾಳ. ಸೈರನ್ ಕೇಳಿ ಇಳದು ನೋಡತೇನಿ, ಈಕಿ ತಲಿ ಮ್ಯಾಲ ರಟ್ಟು ಹಿಡಕೊಂಡು ಗೊಂಬಿಗತೆ ನಿಂತಾಳ! ಎತಗೊಂಡು ಬರೂಮುಂದ ನನ್ನ ದಾಡಿ ಹಿಡದು ಜಗ್ಗಿದ್ಲವಾ. ಬರೂದಿಲ್ಲಂತ. ಹಳದಿ ಲೈಟ್ ಇನ್ನೂ ಹತ್ತಿಲ್ಲಂತ. ಏನಿದು ನಿಮ್ಮ ತಾಯಿ ಮಗಳ ಆಟ?"

ಶಾಹೀನ್ ಫೋನನ್ನು ಕಿವಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತಳು.

"ಸಾಲಿ ಆಟೋ ಒಂದು ಇಳಿಯಾಕತ್ತಿತ್ತು," ಎಂದ ಬುಡನಸಾಬ. ದನಿ ಇಳಿದಿತ್ತು. "ಏಳು ಹುಡುಗರು ಅದರಾಗ. ಕೆಂಪು ಲೈಟ್ ನೋಡಿ ಹಿಂದಕ್ಕ ಹೊಡಕೊಂಡು ಹ್ವಾದ. ಇನ್ನ ಒಂದು ನಿಮಿಷ ತಡ ಆಗಿದ್ರ… ಹೋಗ್ಲಿ ಬಿಡು. ತೊಗೊ, ಮಗಳ ಜೋಡಿ ಮಾತಾಡು."

ಅತ್ತ ಮಳೆಯ ಸದ್ದು, ಸೈರನ್ನಿನ ಸದ್ದು, ಒಂದು ಸಣ್ಣ ಉಸಿರು.

"ಹುಮಾ? ಬೇಟಾ?"

"ಅಮ್ಮಿ," ಎಂದಳು ಹುಮಾ. "ನೀ ಇವತ್ತ ನನ್ನ ನೋಡ್ಲೇ ಇಲ್ಲ."

ಫೋನಿನಲ್ಲಿ ಅವಳು ಆಡಿದ ಅತಿ ದೊಡ್ಡ ಮಾತು ಅದು.

ಹತ್ತು ಗಂಟೆಗೆ ಅರುಣಾ ಮೇಡಂ ಬಂದಾಗ ಶಾಹೀನ್ ತಾನಾಗಿಯೇ ಎದ್ದುನಿಂತು ಎಲ್ಲ ಹೇಳಿದಳು. ಅರುಣಾ ಈ ಕೊಠಡಿಯ ಮೇಲ್ವಿಚಾರಕಿ. ಮೂವತ್ತೆಂಟು ಡಬ್ಬಿಗಳನ್ನೂ ಎದುರು ನಿಂತು ಕೂರಿಸಿದವಳು. ಕೇಳುತ್ತ ಕೇಳುತ್ತ ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನಾ ಜಗಳಾಡತೇನಿ ಅಂತ ಅನ್ಕೊಂಡೀಯೇನು?"

"ಆಡ್ರಿ ಮೇಡಂ. ಆಡಬೇಕ ನೀವು."

"ಆ ಆಟೋದಾಗಿನ ಏಳು ಮಂದಿಗೂ ತಾಯಂದಿರು ಅದಾರ ಶಾಹೀನ್."

"ಹೌದ್ರಿ."

"ಮೂರು ತಿಂಗಳು ದನ, ದನ, ದನ ಅಂತ ಬರದೀ. ನನಗರ ಒಂದ್ ಮಾತು ಹೇಳಬಾರದಾ, ಮಗಳು ಅಂತ?"

"ಹೇಳಿದ್ರ ಡಬ್ಬಿ ಕೀಳಸತಿದ್ರಿ."

"ಕೀಳಸತಿದ್ದೆ," ಎಂದಳು ಅರುಣಾ. ಪರದೆಯ ಕಡೆ ತಿರುಗಿದಳು. ನೀರು 58ಕ್ಕೆ ಏರಿ ಇಳಿಯತೊಡಗಿತ್ತು. "ನಾಳೆನ ಕೀಳಸತೇನಿ. ಚಪ್ಪಡಿ ಬಿಟ್ಟು, ಮಂದಿ ಹೋಗದ ಕಡೆ, ಜಾಳಗಿ ಹಾಕಿ ಕೂರಸಬೇಕು. ಅದು ಮೊದಲ ಆಗಬೇಕಿತ್ತು, ನನ್ನದೂ ತಪ್ಪೈತಿ. ಕೇಂದ್ರ ಮೌನಕ್ಕ ಹಾಕೂ ಅಧಿಕಾರ ಇನ್ನ ಮ್ಯಾಲ ನಿನಗಿಲ್ಲ. ಆಗಿದ್ದನ್ನೆಲ್ಲಾ ನಿನ್ನ ಕೈಯಾರೆ ಬರದು ಕೊಡು." ಎದ್ದು ಬಾಗಿಲತನಕ ಹೋದವಳು ತಿರುಗಿದಳು. "ಈ ಭಾನುವಾರ ಪಾಳಿಗೆ ನಾ ಕುಂದರತೇನಿ. ನೀ ಊರಿಗೆ ಹೋಗು."

ಅವತ್ತಿನ ಕಾರಣದ ಜಾಗದಲ್ಲಿ ಶಾಹೀನ್ ಬರೆದಳು: 'ನೀರಿಗೂ ಯಂತ್ರಕ್ಕೂ ನಡುವೆ ನನ್ನ ಮಗಳು ನಿಂತಿದ್ದಳು. ನಾನೇ ನಿಲ್ಲಿಸಿದ್ದೆ.'

ಭಾನುವಾರ ಅವಳು ಮಗಳ ಕೈ ಹಿಡಿದು ಕೆಳಸೇತುವೆಗೆ ಹೋದಳು. ನೀರು ಹರಿದುಹೋಗಿತ್ತು. ಗೋಡೆಯ ಮೇಲೆ ಕೆಸರಿನ ಗೆರೆ ನೇರವಾಗಿ ಉಳಿದಿತ್ತು. ಹುಮಾಳನ್ನು ಅದರ ಪಕ್ಕ ನಿಲ್ಲಿಸಿದಳು. ಗೆರೆ ಅವಳ ತೊಡೆ ದಾಟಿ ಸೊಂಟದ ಹತ್ತಿರ ಬಂತು. ಶಾಹೀನ್ ಆ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ.

ಡಬ್ಬಿ ಈಗ ಎದುರು ಗೋಡೆಯ ಮಗ್ಗುಲಿಗೆ, ಕಬ್ಬಿಣದ ಜಾಳಿಗೆಯ ಒಳಗೆ ಹೋಗಿತ್ತು. ಹುಮಾ ಹಳೆಯ ಚಪ್ಪಡಿಯ ಮೇಲೆ ಹೋಗಿ ನಿಂತಳು. ರೂಢಿಯಂತೆ ತಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದಳು.

"ಇಲ್ಲಿಂದ ಕಾಣೂದಿಲ್ಲೇನು ಇನ್ನ?"

"ಇಲ್ಲ."

"ಹಂಗಾರ ನಾ ಸಾಲಿಗೆ ಹೋಗಿದ್ದು ನಿನಗ ಹ್ಯಾಂಗ ಗೊತ್ತಾಗತೈತಿ?"

ಶಾಹೀನ್ ಅವಳ ಮುಂದೆ ಮಂಡಿಯೂರಿ ಕೂತಳು. ಎಂದೋ ಹೇಳಬೇಕಾಗಿದ್ದ ಮಾತು. ಹುಡುಕಿ ಹುಡುಕಿ ಹೇಳಿದಳು. "ಎಂಟೂ ನಲವತ್ತಕ್ಕ ಸೊನ್ನಿ ಬರತೈತಿ. ಸೊನ್ನಿ ಬಂತಂದ್ರ ಅಲ್ಲಿ ನೀರಿಲ್ಲ, ನನ್ನ ಮಗಳು ದಾಟಿ ಹ್ವಾದ್ಲು ಅಂತ ತಿಳ್ಕೋತೇನಿ. ನೀ ನಿಂದರಬಾರದು. ಯಾವ ಲೈಟ್‌ಗೂ ಕಾಯಬಾರದು. ಓಡಿ ಹೋಗಬೇಕು."

ಹುಮಾ ಯೋಚಿಸಿದಳು. "ಆದ್ರ ಸೊನ್ನ್ಯಾಗ ನಾ ಎಷ್ಟು ಉದ್ದ ಆಗೇನಿ ಅಂತ ಹ್ಯಾಂಗ ಗೊತ್ತಾಗತೈತಿ?"

ಶಾಹೀನ್ ಎದ್ದು ಮಗಳನ್ನು ಎದೆಗೆ ಒತ್ತಿ ನಿಲ್ಲಿಸಿಕೊಂಡಳು. ನೆತ್ತಿ ಎಲ್ಲಿಗೆ ಬಂತೋ ಅಲ್ಲಿ, ತನ್ನ ಕುರ್ತಾಕ್ಕೆ, ಓಢಣಿಯಿಂದ ಬಿಚ್ಚಿದ ಪಿನ್ನು ಚುಚ್ಚಿದಳು. ಹುಮಾ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಪಿನ್ನು ನೆಟ್ಟಗಿದೆಯೇ ಎಂದು ಪರೀಕ್ಷಿಸಿದಳು. "ಇನ್ನ ಚೂರು ಮ್ಯಾಲ," ಎಂದಳು. ಮೋಸವೆಂದು ಇಬ್ಬರಿಗೂ ಗೊತ್ತಿತ್ತು. ಶಾಹೀನ್ ಚೂರು ಮೇಲೆ ಚುಚ್ಚಿದಳು.

ಸೋಮವಾರ ಎಂಟೂ ನಲವತ್ತು. ಶಾಹೀನ್ ಚಹಾದ ಲೋಟ ಕೆಳಗಿಟ್ಟಳು.

ಸೊನ್ನೆ ಬಂತು.

ಕೈ ದೀಪದ ಗುಂಡಿಯತನಕ ಹೋಯಿತು, ಹೋಗಿ ಹಿಂದೆ ಬಂತು. ಎದೆಯ ಮೇಲೆ ಪಿನ್ನು ಇರುವಲ್ಲಿ ಅಂಗೈಯಿಟ್ಟು, ಮುಂದಿನ ಅಂಕಿ ಬರುವವರೆಗೆ ಐದು ನಿಮಿಷ ಅವಳು ಆ ಸೊನ್ನೆಯನ್ನು ನೋಡುತ್ತ ಕೂತಳು.